ಮುಷ್ಕರದ ತೀರ್ಮಾನ ಮುಖಂಡರದ್ದೋ, ನೌಕರರದ್ದೋ?

ಪ್ರಶ್ನೆ: ನಾನು ಸಾರಿಗೆ ನಿಗಮದಲ್ಲಿ ನಿರ್ವಾಹಕ. 2021ರ ಏಪ್ರಿಲ್ ಮುಷ್ಕರದಲ್ಲಿ ಸಂಬಳ ಕಳೆದುಕೊಂಡೆ, ಆಮೇಲೆ ಬೇರೆ ವಿಭಾಗಕ್ಕೆ ವರ್ಗಾವಣೆಯೂ ಆಯಿತು. 2025ರ ಆಗಸ್ಟ್ 5ರಂದು ಬೆಳಿಗ್ಗೆ ಬಸ್ ನಿಲ್ಲಿಸಿದೆವು. ಅದೇ ದಿನ ಮುಷ್ಕರ ಮುಂದೂಡಲಾಗಿದೆ ಎಂಬ ಸುದ್ದಿ ಬಂತು. ಎರಡೂ ತೀರ್ಮಾನಗಳು ನನಗೆ ತಿಳಿದದ್ದು ಟಿವಿ ನೋಡಿ. ಸಂಘದ ಸಭೆಯಲ್ಲಿ ‘ನಮ್ಮನ್ನು ಏಕೆ ಕೇಳಲಿಲ್ಲ’ ಎಂದದ್ದಕ್ಕೆ, ‘ಯುದ್ಧಕ್ಕೆ ಹೊರಟವರು ಸೈನಿಕರ ಮತ ಕೇಳುತ್ತಾರೆಯೇ’ ಎಂದು ಮುಖಂಡರೊಬ್ಬರು ಬಾಯಿ ಮುಚ್ಚಿಸಿದರು. ಕಾನೂನು ಏನು ಹೇಳುತ್ತದೆ? ಮುಷ್ಕರವನ್ನು ನಿರ್ಧರಿಸಬೇಕಾದವರು ಯಾರು?

ಉತ್ತರ: ನಿರ್ಧರಿಸಬೇಕಾದವರು ನೀವು. ಮುಷ್ಕರ ಹೂಡುವ ತೀರ್ಮಾನ ಸದಸ್ಯರದ್ದಾಗಿರಬೇಕು. ಸರ್ಕಾರ ಮುಂದಿಟ್ಟ ಒಪ್ಪಂದಕ್ಕೆ ಒಪ್ಪಿ ಮುಷ್ಕರ ಮುಗಿಸುವ ತೀರ್ಮಾನವಂತೂ ಖಂಡಿತವಾಗಿ ಸದಸ್ಯರದ್ದೇ ಆಗಿರಬೇಕು. ಎರಡೂ ಗುಪ್ತ ಮತದಾನದಿಂದ ಆಗಬೇಕು. ಯಾವ ದಿನ ಆರಂಭಿಸಬೇಕು, ಮಾತುಕತೆಯಲ್ಲಿ ಯಾವ ಬೇಡಿಕೆಯನ್ನು ಬಿಗಿ ಹಿಡಿದು ಯಾವುದನ್ನು ಸಡಿಲಿಸಬೇಕು, ನ್ಯಾಯಾಲಯದಲ್ಲಿ ಏನು ಹೇಳಬೇಕು ಎಂಬುದು ಮುಖಂಡರಿಗೆ ಬಿಟ್ಟ ಕೆಲಸ. ಅದಕ್ಕೆ ಅನುಭವ ಬೇಕು, ಅಧಿಕಾರವೂ ಬೇಕು.

ಸೈನಿಕರ ಮಾತು ಇಲ್ಲಿಗೆ ಹೊಂದುವುದಿಲ್ಲ. ಯುದ್ಧ ನಡೆಯುವಾಗ ಸೈನಿಕನ ಸಂಬಳ ನಿಲ್ಲುವುದಿಲ್ಲ, ಮುಷ್ಕರ ನಡೆಯುವಾಗ ನಿಮ್ಮದು ನಿಲ್ಲುತ್ತದೆ. ಕೆಲಸ ಮಾಡದ ದಿನಗಳ ಸಂಬಳ ಸಿಗಬೇಕಾದರೆ ಮುಷ್ಕರ ಕಾನೂನುಬದ್ಧವೂ ಆಗಿರಬೇಕು, ಸಮರ್ಥನೀಯವೂ ಆಗಿರಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸಿಂಡಿಕೇಟ್ ಬ್ಯಾಂಕ್ ಪ್ರಕರಣದಲ್ಲಿ 1994ರಲ್ಲೇ ಹೇಳಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಟ್ಟಾಗಿ ಸಕಾರಣವಿಲ್ಲದೆ, ನಿಯಮದಂತೆ ಕೊಡಬೇಕಾದ ನೋಟಿಸನ್ನೂ ಕೊಡದೆ ಗೈರಾದರೆ ಎಂಟು ದಿನಗಳವರೆಗಿನ ಸಂಬಳ ಕಡಿತಕ್ಕೆ ವೇತನ ಕಾನೂನಿನಲ್ಲಿ ಅವಕಾಶವಿದೆ. ಇಷ್ಟು ಭಾರ ಹೊರುವವರನ್ನು ಕೇಳದೆ ಅವರ ಹೆಸರಿನಲ್ಲಿ ತೀರ್ಮಾನ ಮಾಡುವ ಹಕ್ಕು ಯಾವ ಅಧ್ಯಕ್ಷರಿಗೂ ಇಲ್ಲ ಎಂದು ನಾನು ನಂಬಿದ್ದೇನೆ.

ಆದರೆ ಇದು ನನ್ನ ನಂಬಿಕೆ ಮಾತ್ರ, ನಮ್ಮ ಕಾನೂನು ಹಾಗೆ ಹೇಳುವುದಿಲ್ಲ. ಮುಷ್ಕರಕ್ಕೆ ಮುನ್ನ ಸದಸ್ಯರ ಮತ ಪಡೆಯಬೇಕೆಂಬ ನಿಯಮ 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿರಲಿಲ್ಲ, 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇಲ್ಲ. 1926ರ ಕಾಯ್ದೆಯಲ್ಲಿ ಎರಡು ಸಂಘಗಳು ಒಂದಾಗಬೇಕಾದರೆ ಪ್ರತಿ ಸಂಘದ ಮತದಾರ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಮತ ಹಾಕಿರಬೇಕಿತ್ತು, ಹಾಕಿದವರಲ್ಲಿ ಶೇಕಡಾ 60ರಷ್ಟು ಮಂದಿ ಒಪ್ಪಿರಬೇಕಿತ್ತು. ಸಂಘದ ಹೆಸರು, ಫಲಕ ಬದಲಾಗುವುದಕ್ಕೆ ಮತದಾನ ಬೇಕು ಎಂದು ಬರೆದ ಶಾಸಕರು ಸಾವಿರಾರು ಕುಟುಂಬಗಳ ಸಂಬಳ ನಿಲ್ಲುವುದಕ್ಕೆ ಬೇಕು ಎಂದು ಬರೆಯಲಿಲ್ಲ. ನನಗೆ ಇದು ಇಂದಿಗೂ ಒಪ್ಪಿಗೆಯಾಗದ ಸಂಗತಿ.

ಕಾನೂನು ಕೇಳುವುದು ನೋಟಿಸನ್ನು. ಹೊಸ ಸಂಹಿತೆಯ ಪ್ರಕಾರ ಕನಿಷ್ಠ 14 ದಿನಗಳ ಮುನ್ಸೂಚನೆ ಕೊಡಬೇಕು. ರಾಜಿ ಸಂಧಾನ ನಡೆಯುತ್ತಿರುವಾಗಲೂ, ಅದು ಮುಗಿದ ನಂತರದ ಏಳು ದಿನಗಳಲ್ಲೂ ಮುಷ್ಕರ ನಿಷಿದ್ಧ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಅದನ್ನು ಮುಷ್ಕರವೆಂದೇ ಎಣಿಸಲಾಗುತ್ತದೆ. ಕಾನೂನುಬಾಹಿರ ಮುಷ್ಕರದಲ್ಲಿ ಪಾಲ್ಗೊಂಡ ನೌಕರನಿಗೆ 1,000ದಿಂದ 10,000 ರೂಪಾಯಿವರೆಗೆ ದಂಡ, ಪ್ರಚೋದಿಸಿದವರಿಗೆ 10,000ದಿಂದ 50,000 ರೂಪಾಯಿವರೆಗೆ ದಂಡ; ಇಬ್ಬರಿಗೂ ಒಂದು ತಿಂಗಳವರೆಗಿನ ಸೆರೆವಾಸವೂ ಆಗಬಹುದು. ನೋಟಿಸಿಗೆ ಸಹಿ ಮಾಡುವವರು ಮುಖಂಡರು. ಅವರ ಹಿಂದೆ ಎಷ್ಟು ಮಂದಿ ಇದ್ದಾರೆ, ಅವರನ್ನೆಲ್ಲ ಕೇಳಲಾಗಿದೆಯೇ ಎಂದು ಯಾವ ಅಧಿಕಾರಿಯೂ ವಿಚಾರಿಸುವುದಿಲ್ಲ. ಆ ಉತ್ತರವಿರುವುದು ನಿಮ್ಮ ಸಂಘದ ಬೈಲಾದಲ್ಲಿ, ಇಲ್ಲವೇ ಎಲ್ಲಿಯೂ ಇಲ್ಲ.

ಈಗ ನಿಮ್ಮ ಆಗಸ್ಟ್ 5ರ ವಿಷಯ. ಇಲ್ಲಿ ಎರಡು ಬೇರೆ ಬೇರೆ ತೀರ್ಮಾನಗಳಿವೆ, ನಿಮ್ಮ ಸಿಟ್ಟು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದೆ. ಹಿಂದಿನ ದಿನವೇ ಹೈಕೋರ್ಟ್ ಮುಷ್ಕರಕ್ಕೆ ತಡೆ ನೀಡಿತ್ತು, ಮುಷ್ಕರ ಆರಂಭವಾದ ಮೇಲೆ ಖಾರವಾಗಿಯೇ ಎಚ್ಚರಿಕೆ ಕೊಟ್ಟಿತು. ಅಂಥ ಹೊತ್ತಿನಲ್ಲಿ ಸಂಘಗಳ ಜಂಟಿ ಕ್ರಿಯಾ ಸಮಿತಿ ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ನೌಕರರ ಮತ ಸಂಗ್ರಹಿಸುತ್ತಾ ಕುಳಿತಿರಲು ಸಾಧ್ಯವಿಲ್ಲ. ನ್ಯಾಯಾಂಗ ನಿಂದನೆಗೆ ಮೊದಲು ಉತ್ತರಿಸಬೇಕಾದವರು ಅವರು, ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸುವ ಎಸ್ಮಾ ಕಾಯ್ದೆ ಜಾರಿಯಾದರೆ ಮೊದಲು ಬಂಧನಕ್ಕೊಳಗಾಗುವವರೂ ಅವರೇ. ನ್ಯಾಯಾಲಯದ ಆದೇಶ ಬಂದಾಗ ತಕ್ಷಣ ತಡೆಹಿಡಿಯುವ ಅಧಿಕಾರ ಮುಖಂಡರಿಗೆ ಇರಲೇಬೇಕು. ಆ ಸಂಜೆಯ ಮಟ್ಟಿಗೆ ನಾನು ಅವರನ್ನು ದೂರುವುದಿಲ್ಲ.

ದೂರು ಇರುವುದು ಅದಕ್ಕೂ ಹಿಂದಿನ ತೀರ್ಮಾನದ ಬಗ್ಗೆ. ಮುಷ್ಕರದ ಮೂಲ ವಿಷಯ ನಿಮಗೆ ಗೊತ್ತೇ ಇದೆ: 2020ರ ಜನವರಿ 1ರಿಂದ ಆಗಬೇಕಿದ್ದ ವೇತನ ಪರಿಷ್ಕರಣೆ ಶೇಕಡಾ 15ರ ಹೆಚ್ಚಳವಾಗಿ ಕೈಗೆ ಬಂದದ್ದು 2023ರ ಮಾರ್ಚ್‌ನಿಂದ. ನಡುವಿನ 38 ತಿಂಗಳ ಹಿಂಬಾಕಿ ಬೇಕು, 2024ರ ಜನವರಿಯಿಂದ ಹೊಸ ಪರಿಷ್ಕರಣೆಯೂ ಆಗಬೇಕು ಎಂಬುದು ಬೇಡಿಕೆ. ಆಗಸ್ಟ್ 4ರ ಸಭೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು 14 ತಿಂಗಳ ಹಿಂಬಾಕಿ ಕೊಡಲು ಸಿದ್ಧ ಎಂದರು. ಮುಖಂಡರು ಒಪ್ಪದೆ ಹೊರಬಂದರು.

14 ಸಾಕೋ, 38 ಬೇಕೋ? ಇದಕ್ಕೆ ಒಂದೇ ಉತ್ತರವಿಲ್ಲ. ಮುಂದಿನ ವರ್ಷ ನಿವೃತ್ತನಾಗುವ ಚಾಲಕ ಒಂದು ರೀತಿ ಯೋಚಿಸುತ್ತಾನೆ, ಇನ್ನೂ ಇಪ್ಪತ್ತು ವರ್ಷ ಸೇವೆ ಇರುವ ತಾಂತ್ರಿಕ ಸಿಬ್ಬಂದಿ ಬೇರೆ ರೀತಿ ಯೋಚಿಸುತ್ತಾನೆ. ಮಗಳ ಮದುವೆಗೆ ಸೊಸೈಟಿ ಸಾಲ ತೆಗೆದವನಿಗೆ ಕೈಗೆ ಬರುವ ಹಣವೇ ದೊಡ್ಡದು. ‘ಇಂದು 14ಕ್ಕೆ ಒಪ್ಪಿದರೆ ಮುಂದಿನ ಪರಿಷ್ಕರಣೆಯಲ್ಲೂ ಹೀಗೇ ಅರ್ಧಂಬರ್ಧ ಕೊಡುತ್ತಾರೆ’ ಎಂದು ಬಿಗಿ ಹಿಡಿಯುವವನ ಮಾತಿನಲ್ಲೂ ತೂಕವಿದೆ. ಮುಷ್ಕರ ನಡೆದರೆ ಎಷ್ಟು ದಿನದ ಸಂಬಳ ಹೋಗಬಹುದು, ಗೆದ್ದರೆ ಎಷ್ಟು ಬರಬಹುದು ಎಂಬ ಲೆಕ್ಕವನ್ನು ಪ್ರತಿಯೊಬ್ಬನೂ ತನ್ನ ಮನೆಯಲ್ಲೇ ಕುಳಿತು ಹಾಕಬೇಕು. ಬೆಂಗಳೂರಿನ ಸಭಾಂಗಣದಲ್ಲಿ ಕುಳಿತ ಸಮಿತಿ, ಎಷ್ಟೇ ಪ್ರಾಮಾಣಿಕವಾಗಿದ್ದರೂ, ಒಂದು ಲಕ್ಷಕ್ಕೂ ಮೀರಿದ ನೌಕರರ ಪರವಾಗಿ ಈ ಲೆಕ್ಕ ಹಾಕಲಾರದು. ಸರ್ಕಾರದ ಕೊಡುಗೆ ಸ್ಪಷ್ಟ ಅಂಕಿಯಲ್ಲಿ ಮೇಜಿನ ಮೇಲೆ ಬಂದಾಗ ಅದನ್ನು ಘಟಕಗಳಿಗೆ ಕಳುಹಿಸಿ ಮತಕ್ಕೆ ಹಾಕಬೇಕಿತ್ತು. ಸಭೆ ನಡೆದದ್ದೇ ಮುಷ್ಕರದ ಹಿಂದಿನ ದಿನವಾದ್ದರಿಂದ ಸಮಯವಿರಲಿಲ್ಲ ಎನ್ನಬಹುದು, ಅದು ನಿಜವೂ ಹೌದು. ಕೊನೆಯ ಗಳಿಗೆಯವರೆಗೆ ಕಾಯಿಸುವುದು ಎಲ್ಲ ಸರ್ಕಾರಗಳ ಹಳೆಯ ಚಾಳಿ. ಮತಕ್ಕೆ ಹಾಕದೆ ಉತ್ತರ ಕೊಡುವಂತಿಲ್ಲ ಎಂಬ ನಿಯಮ ಸಂಘದಲ್ಲಿ ಮೊದಲೇ ಇದ್ದಿದ್ದರೆ ಸರ್ಕಾರಕ್ಕೂ ಎರಡು ವಾರ ಮುಂಚೆ ಬಾಯಿ ಬಿಡಬೇಕಾಗುತ್ತಿತ್ತು.

‘ಫ್ರೀಡಂ ಪಾರ್ಕ್‌ನಲ್ಲಿ ಸಾವಿರಾರು ಮಂದಿ ಕೈ ಎತ್ತಿದರಲ್ಲ, ಅದೂ ಸದಸ್ಯರ ತೀರ್ಮಾನವೇ’ ಎಂಬ ವಾದವನ್ನು ನೀವು ಕೇಳಿರುತ್ತೀರಿ. ನಾನು ಇದನ್ನು ಒಪ್ಪುವುದಿಲ್ಲ. ಬೀದರ್‌ನಲ್ಲಿ ಪಾಳಿಯ ಮೇಲಿರುವ ಚಾಲಕ ಅಲ್ಲಿಗೆ ಬಂದಿರುವುದಿಲ್ಲ. ಬಂದವರ ನಡುವೆಯೂ, ಸುತ್ತ ಎಲ್ಲರೂ ಕೈ ಎತ್ತಿರುವಾಗ ತಾನು ಇಳಿಸಿಕೊಂಡು ಕೂರುವ ಧೈರ್ಯ ಎಷ್ಟು ಮಂದಿಗಿದೆ? 2020ರ ಡಿಸೆಂಬರ್‌ನ ನಾಲ್ಕು ದಿನಗಳ ಮುಷ್ಕರವನ್ನು ನೆನೆಯಿರಿ. 13ನೇ ತಾರೀಕು ಮಾತುಕತೆಗೆ ಹೋದವರು ಒಪ್ಪಿ ಬಂದರು. ಮೈದಾನದಲ್ಲಿ ಅದು ಉಳಿಯಲಿಲ್ಲ, ಮುಷ್ಕರ ಮುಂದುವರಿಯುತ್ತದೆ ಎಂಬ ಘೋಷಣೆಯಾಯಿತು. ಮರುದಿನ ಮುಗಿಯಿತು. ಒಂದು ದಿನದೊಳಗೆ ಮೂರು ತೀರ್ಮಾನ, ಯಾವುದಕ್ಕೂ ಎಣಿಸಿದ ಮತದ ಆಧಾರವಿಲ್ಲ. 2021ರಲ್ಲಿ ಏಪ್ರಿಲ್ 7ರಿಂದ 21ರವರೆಗೆ ಆರನೇ ವೇತನ ಆಯೋಗದ ಶ್ರೇಣಿಗಾಗಿ ನಡೆದ ಹೋರಾಟದಲ್ಲಿ ಮೊದಲು ವಜಾ ಆದವರು ತರಬೇತಿಯಲ್ಲಿದ್ದವರು ಮತ್ತು ಪರೀಕ್ಷಾರ್ಥ ಅವಧಿಯಲ್ಲಿದ್ದವರು. ಸಂಘದಲ್ಲಿ ಅತ್ಯಂತ ಕಡಿಮೆ ದನಿ ಇದ್ದವರೂ ಅವರೇ. ಆ ಹೋರಾಟದ ಮುಂದಾಳತ್ವ ವಹಿಸಿದ್ದ ಸಾರಿಗೆ ನೌಕರರ ಕೂಟದ ಗೌರವಾಧ್ಯಕ್ಷರು ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್. ಹೊರಗಿನವರು ಮುಂದಾಳಾಗುವುದನ್ನು ಕಾನೂನು ಒಂದು ಮಿತಿಯೊಳಗೆ ಒಪ್ಪುತ್ತದೆ, ನನಗೂ ಅದರಲ್ಲಿ ಆಕ್ಷೇಪವಿಲ್ಲ. ನಿಗಮದ ಅಮಾನತಿನ ಭಯವಿಲ್ಲದೆ ಮಾತನಾಡಬಲ್ಲವರು ಬೇಕಾಗುತ್ತಾರೆ. ಆದರೆ ಸಂಬಳ ಹೋಗದವರು ಮುಂದಾಳಾಗಿರುವಾಗ ಸಂಬಳ ಹೋಗುವವರ ಮತ ಇನ್ನಷ್ಟು ಅಗತ್ಯ.

ಹಾಗೆಂದು ಎಲ್ಲವನ್ನೂ ಸದಸ್ಯರಿಗೆ ಬಿಟ್ಟರೆ ಒಳ್ಳೆಯದೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಪಕ್ಕದ ಮಹಾರಾಷ್ಟ್ರದ ರಾಜ್ಯ ಸಾರಿಗೆ ನಿಗಮದ (ಎಸ್‌ಟಿ) ನೌಕರರ ಅನುಭವ ಕಹಿಯಾದದ್ದು. 2021ರ ಅಕ್ಟೋಬರ್ ಕೊನೆಯಲ್ಲಿ ತುಟ್ಟಿಭತ್ಯೆ ಮುಂತಾದ ಬೇಡಿಕೆಗಳಿಗೆ ಸರ್ಕಾರ ಮಣಿದಾಗ ಸಂಘಗಳ ಮುಖಂಡರು ಹೋರಾಟ ಹಿಂತೆಗೆದುಕೊಂಡರು. ನೌಕರರು ಕೇಳಲಿಲ್ಲ. ನಿಗಮವನ್ನು ಸರ್ಕಾರದೊಳಗೆ ವಿಲೀನಗೊಳಿಸಲೇಬೇಕು ಎಂದು ಸಂಘಗಳನ್ನು ಬದಿಗೊತ್ತಿ ಮುಂದುವರಿದರು. ನವೆಂಬರ್‌ನಲ್ಲಿ ಸರ್ಕಾರ ಮೂಲ ವೇತನ ಹೆಚ್ಚಿಸಿತು, ಬೆಂಬಲಕ್ಕೆ ನಿಂತಿದ್ದ ರಾಜಕೀಯ ಮುಖಂಡರು ಹಿಂದೆ ಸರಿದರು. ಆಗಲೂ ಬಹಳಷ್ಟು ಮಂದಿ ಮರಳಲಿಲ್ಲ. ವಿಲೀನ ಸಾಧ್ಯವಿಲ್ಲ ಎಂದು ತ್ರಿಸದಸ್ಯ ಸಮಿತಿ ಹೇಳಿತು. ಕೊನೆಗೆ 2022ರ ಏಪ್ರಿಲ್ 22ರೊಳಗೆ ಕೆಲಸಕ್ಕೆ ಹಾಜರಾಗಿ ಎಂದು ಬಾಂಬೆ ಹೈಕೋರ್ಟ್ ಗಡುವು ಕೊಟ್ಟ ಮೇಲೆ ಮುಗಿಯಿತು. ಐದು ತಿಂಗಳ ಸಂಬಳ ಹೋಯಿತು, ವಿಲೀನ ಆಗಲಿಲ್ಲ.

ಇದನ್ನೇ ತೋರಿಸಿ ‘ಸದಸ್ಯರ ಕೈಗೆ ಕೊಟ್ಟರೆ ಹೀಗಾಗುತ್ತದೆ’ ಎನ್ನುವವರಿದ್ದಾರೆ. ನಾನು ಅದರಿಂದ ಕಲಿತದ್ದು ಬೇರೆ. ನವೆಂಬರ್‌ನ ವೇತನ ಹೆಚ್ಚಳದ ನಂತರ ‘ಒಪ್ಪೋಣವೇ, ಮುಂದುವರಿಯೋಣವೇ’ ಎಂದು ಚೀಟಿಯಲ್ಲಿ ಬರೆದು ಹಾಕುವ ದಾರಿ ಆ ನೌಕರರಿಗೆ ಇರಲಿಲ್ಲ. ಮರಳಬೇಕೆಂದವನಿಗೆ ಉಳಿದ ಮಾರ್ಗ ಒಂದೇ, ಸಹೋದ್ಯೋಗಿಗಳ ಕಣ್ಣಮುಂದೆ ಡಿಪೋ ಗೇಟು ದಾಟುವುದು. ಹಾಗೆ ದಾಟಿದವನು ದ್ರೋಹಿ. ಮತದಾನವಿದ್ದಿದ್ದರೆ ಫಲಿತಾಂಶ ಏನಾಗುತ್ತಿತ್ತೋ, ಬಹುಮತ ಮುಂದುವರಿಯಿರಿ ಎಂದೇ ಹೇಳಿದ್ದರೂ ಅದು ಎಣಿಸಿದ ಬಹುಮತವಾಗಿರುತ್ತಿತ್ತು.

ತೆಲಂಗಾಣದ ಸಾರಿಗೆ ನಿಗಮದಲ್ಲಿ ನಡೆದದ್ದು ಇದರ ಇನ್ನೊಂದು ಮುಖ. 2019ರ ಅಕ್ಟೋಬರ್ 5ರಿಂದ ನವೆಂಬರ್ 25ರವರೆಗೆ, 52 ದಿನ, ಸುಮಾರು 48,000 ನೌಕರರು. ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರು ಗಡುವಿನೊಳಗೆ ಬಾರದವರು ತಾವೇ ಕೆಲಸ ಬಿಟ್ಟಂತೆ ಎಂದು ಘೋಷಿಸಿದರು. ಮುಖ್ಯ ಬೇಡಿಕೆಯಾದ ವಿಲೀನವನ್ನು ಕ್ರಿಯಾ ಸಮಿತಿ ನವೆಂಬರ್ ನಡುವಿನಲ್ಲಿ ಕೈಬಿಟ್ಟಿತು. ಯಾವ ಬೇಡಿಕೆಗಾಗಿ ತಿಂಗಳುಗಟ್ಟಲೆ ಮನೆಗೆ ಸಂಬಳ ಒಯ್ಯಲಿಲ್ಲವೋ ಆ ಬೇಡಿಕೆಯೇ ಹೋಯಿತು. ಮುಷ್ಕರ ಮುಗಿಯಿತು ಎಂದ ಮರುದಿನ ಕೆಲಸಕ್ಕೆ ಹೋದವರನ್ನು ಒಳಗೆ ಬಿಡಲಿಲ್ಲ, ಮರಳಿ ತೆಗೆದುಕೊಳ್ಳುವ ಆದೇಶಕ್ಕೆ ಕೆಲವು ದಿನ ಕಾಯಬೇಕಾಯಿತು. ಬೇಡಿಕೆ ಬಿಡುವ ತೀರ್ಮಾನ ತಪ್ಪಿತ್ತೇ? ಬಹುಶಃ ಅನಿವಾರ್ಯವಾಗಿತ್ತು. ಅನಿವಾರ್ಯವಾದದ್ದನ್ನೂ ನೌಕರರೇ ಹೇಳಬೇಕಿತ್ತು.

ರೈಲ್ವೆಯವರು ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದಿದ್ದಾರೆ. ಮಾನ್ಯತೆ ಪಡೆಯುವ ಸಂಘ ಯಾವುದು ಎಂಬುದನ್ನು ಅಲ್ಲಿ ಗುಪ್ತ ಮತದಾನದಿಂದ ನಿರ್ಧರಿಸುತ್ತಾರೆ, 2024ರ ಡಿಸೆಂಬರ್‌ನಲ್ಲೂ ಆ ಚುನಾವಣೆ ನಡೆಯಿತು. ಹಳೆಯ ಪಿಂಚಣಿಗಾಗಿ ಮುಷ್ಕರ ಹೂಡಬೇಕೇ ಎಂದು ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟ 2023ರ ನವೆಂಬರ್‌ನಲ್ಲಿ ದೇಶದಾದ್ಯಂತ ಮತ ಸಂಗ್ರಹಿಸಿತು. ಅತಿ ದೊಡ್ಡ ಬಹುಮತ ಹೌದು ಎಂದಿತು. 1974ರ ಮೇ 8ರಂದು ಆರಂಭವಾದ ಮಹಾ ಮುಷ್ಕರದ ನೆನಪು ಅವರಿಗಿದೆ. ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಅದರ ನಾಯಕರು. ಮುಷ್ಕರಕ್ಕೆ ಆರು ದಿನ ಮೊದಲೇ ಅವರನ್ನು ಬಂಧಿಸಲಾಯಿತು. ಇಪ್ಪತ್ತು ದಿನಗಳ ನಂತರ ಕ್ರಿಯಾ ಸಮಿತಿ ಅದನ್ನು ಹಿಂತೆಗೆದುಕೊಂಡಾಗ ಮುಖ್ಯ ನಾಯಕರೆಲ್ಲ ಸೆರೆಮನೆಯಲ್ಲಿದ್ದರು. ನಾಯಕರನ್ನು ಒಳಗೆ ಹಾಕಿ ಮುಷ್ಕರ ಮುರಿಯಬಹುದು ಎಂದು ಸರ್ಕಾರಗಳಿಗೆ ಗೊತ್ತು. ತೀರ್ಮಾನದ ಅಧಿಕಾರ ಘಟಕ ಘಟಕದಲ್ಲಿ ಹಂಚಿಹೋಗಿದ್ದರೆ ಅಷ್ಟು ಸುಲಭವಾಗಿ ಮುರಿಯಲಾಗದು.

ಬ್ರಿಟನ್ನಿನಲ್ಲಿ 1984ರಿಂದ ಮುಷ್ಕರಕ್ಕೆ ಮುನ್ನ ಮತದಾನ ಕಾನೂನಿನ ಷರತ್ತು. 2022ರ ಮೇ ತಿಂಗಳಲ್ಲಿ ಅಲ್ಲಿನ ರೈಲ್ವೆ ನೌಕರರ ಸಂಘ ಆರ್‌ಎಂಟಿ ಮತ ಕೇಳಿದಾಗ ಶೇಕಡಾ 71ರಷ್ಟು ಮಂದಿ ಮತ ಹಾಕಿದರು, ಅವರಲ್ಲಿ ಶೇಕಡಾ 89ರಷ್ಟು ಮಂದಿ ಮುಷ್ಕರ ಬೇಕು ಎಂದರು. ‘ನಾಲ್ಕು ಮಂದಿ ಕಿಡಿಗೇಡಿಗಳ ಕೆಲಸ’ ಎಂದು ಯಾವ ಸಚಿವರೂ ಅದನ್ನು ತಳ್ಳಿಹಾಕಲಾಗದು. ಅಮೆರಿಕದಲ್ಲಿ ಅದೇ ವರ್ಷ ರೈಲ್ವೆಯ ಹನ್ನೆರಡು ಸಂಘಗಳ ಮುಖಂಡರು ಒಪ್ಪಿಬಂದ ಒಪ್ಪಂದವನ್ನು ನಾಲ್ಕು ಸಂಘಗಳ ಸದಸ್ಯರು ಮತ ಹಾಕಿ ತಿರಸ್ಕರಿಸಿದರು. ಕಾಯಿಲೆ ಬಿದ್ದಾಗ ಸಂಬಳ ಸಹಿತ ರಜೆ ಇಲ್ಲ ಎಂಬುದು ಅವರ ನೋವಾಗಿತ್ತು. ಕೊನೆಗೆ ಅಲ್ಲಿನ ಸಂಸತ್ತು ಕಾನೂನು ಮಾಡಿ ಒಪ್ಪಂದವನ್ನು ಹೇರಿತು. ಆದರೆ ಮುಖಂಡರ ಸಹಿಗೂ ನೌಕರರ ಮನಸ್ಸಿಗೂ ಇದ್ದ ದೂರ ಎಲ್ಲರಿಗೂ ಕಾಣಿಸಿತು. ಜರ್ಮನಿಯಲ್ಲಿ 2023ರಲ್ಲಿ ಇವಿಜಿ ಸಂಘದ ರೈಲ್ವೆ ನೌಕರರು ಸಂಧಾನದ ಸೂತ್ರವನ್ನು ಒಪ್ಪಿದ್ದು ಶೇಕಡಾ 52.3 ಮತಗಳಿಂದ. ಬಹಳ ತೆಳುವಾದ ಅಂತರ, ಆದರೂ ಸೋತವರಿಗೂ ಒಪ್ಪಿತವಾದ ಅಂತ್ಯ.

ಇಲ್ಲಿ ಒಂದು ಎಚ್ಚರಿಕೆ. ಮತದಾನ ಬೇಕು ಎಂದ ತಕ್ಷಣ ‘ಹಾಗಾದರೆ ಕಾನೂನನ್ನೇ ಮಾಡೋಣ’ ಎಂದು ಸರ್ಕಾರ ಮುಂದೆ ಬಂದರೆ ನಾನು ವಿರೋಧಿಸುತ್ತೇನೆ. ಬ್ರಿಟನ್ 2016ರಲ್ಲಿ ತಂದ ಕಾಯ್ದೆ ಅರ್ಧದಷ್ಟು ಮಂದಿ ಮತ ಹಾಕಿರಲೇಬೇಕು ಎಂದಿತು. ಸಾರಿಗೆಯಂಥ ಮುಖ್ಯ ಸೇವೆಗಳಲ್ಲಿ ಒಟ್ಟು ಮತದಾರರ ಶೇಕಡಾ 40ರಷ್ಟು ಮಂದಿ ಒಪ್ಪಿರಬೇಕು ಎಂದೂ ಸೇರಿಸಿತು. ಅಂದರೆ 1,000 ಮತದಾರರಲ್ಲಿ 500 ಮಂದಿ ಮತ ಹಾಕಿದರೆ 400 ಮಂದಿ ಹೌದು ಎನ್ನಬೇಕು, 390 ಸಾಲದು. ಮತ ಅಂಚೆಯಲ್ಲೇ ಬರಬೇಕು ಎಂಬ ನಿಯಮ ಅದಕ್ಕೂ ಮೊದಲೇ ಇತ್ತು. ಸಂಘದ ಒಳಗಿನ ಪ್ರಜಾಪ್ರಭುತ್ವದ ಹೆಸರಿನಲ್ಲಿ ಮುಷ್ಕರವನ್ನೇ ಅಸಾಧ್ಯವಾಗಿಸುವ ಉಪಾಯವದು. 2025ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಹೊಸ ಕಾಯ್ದೆ ಆ 40ರ ನಿಯಮವನ್ನು ಕೈಬಿಟ್ಟಿದ್ದು ಒಳ್ಳೆಯದಾಯಿತು. ನಮ್ಮಲ್ಲಿ ಮುಷ್ಕರದ ಹಕ್ಕು ಮೊದಲೇ ಬಡಕಲು, ಅದು ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. ಅದರ ಮೇಲೆ ಇನ್ನೊಂದು ಬೇಲಿ ಬೇಡ. ಮತದಾನದ ನಿಯಮವನ್ನು ನೌಕರರು ತಮ್ಮ ಬೈಲಾದಲ್ಲಿ ತಾವೇ ಬರೆದುಕೊಳ್ಳಬೇಕು.

ಮತದಾನ ನಡೆಸಿದರೆ ನಮ್ಮ ದೌರ್ಬಲ್ಯ ಆಡಳಿತಕ್ಕೆ ಗೊತ್ತಾಗುತ್ತದೆ ಎಂಬ ಅಳುಕು ಮುಖಂಡರಲ್ಲಿದೆ. ಶೇಕಡಾ 55 ಮಾತ್ರ ಹೌದು ಎಂದರೆ? ಆಗ ಮುಷ್ಕರ ಹೂಡದಿರುವುದೇ ಲೇಸು. ಅರ್ಧ ಬಸ್ಸುಗಳು ಓಡುವ ಮುಷ್ಕರ ಮೂರನೇ ದಿನಕ್ಕೆ ಕುಸಿಯುತ್ತದೆ. ಆ ಕುಸಿತದಲ್ಲಿ ಅಮಾನತಾಗುವವರು ನಿಷ್ಠೆಯಿಂದ ಹೊರಗೆ ನಿಂತವರು. ಬ್ರಿಟನ್ನಿನ ಗಣಿ ಕಾರ್ಮಿಕರು 1984ರಲ್ಲಿ ರಾಷ್ಟ್ರವ್ಯಾಪಿ ಮತದಾನವಿಲ್ಲದೆ ಮುಷ್ಕರಕ್ಕೆ ಇಳಿದರು. ‘ನಮ್ಮ ಮತ ಕೇಳಿಲ್ಲ’ ಎಂದು ನಾಟಿಂಗ್‌ಹ್ಯಾಂಶೈರ್‌ನ ಬಹುಪಾಲು ಕಾರ್ಮಿಕರು ಗಣಿಗೆ ಇಳಿಯುತ್ತಲೇ ಹೋದರು. ಒಂದು ವರ್ಷದ ಹೋರಾಟಕ್ಕೆ ಆ ಬಿರುಕು ದೊಡ್ಡ ಪೆಟ್ಟು ಕೊಟ್ಟಿತು. ಇನ್ನು ಪ್ರಯಾಣಿಕರು: ದಿನಕ್ಕೆ ಎರಡೇ ಬಸ್ಸು ಬರುವ ಊರಿನ ವಿದ್ಯಾರ್ಥಿಗೆ, ಡಯಾಲಿಸಿಸ್‌ಗೆ ಹೊರಟ ರೋಗಿಗೆ ನಿಮ್ಮ ಮತಪೆಟ್ಟಿಗೆಯಲ್ಲಿ ಪಾಲಿಲ್ಲ ಎಂಬುದು ನಿಜ. ಆದರೆ ಮತ ಎಣಿಸಿ, ಫಲಿತಾಂಶ ಪ್ರಕಟಿಸಿ, ಹದಿನಾಲ್ಕು ದಿನ ಮೊದಲು ಹೇಳಿ ನಡೆಯುವ ಮುಷ್ಕರದಲ್ಲಿ ಅವರಿಗೆ ಬೇರೆ ಏರ್ಪಾಡು ಮಾಡಿಕೊಳ್ಳಲು ಕಾಲ ಸಿಗುತ್ತದೆ. ಬೆಳಿಗ್ಗೆ ನಿಂತು ಸಂಜೆ ಓಡುವ ಬಸ್ಸಿನಿಂದ ಅದೂ ಸಿಗದು.

ನೀವು ಮಾಡಬಹುದಾದದ್ದು ಇದು. ಸಂಘದ ಬೈಲಾ ಪ್ರತಿ ಪಡೆದು ಮುಷ್ಕರದ ಬಗ್ಗೆ ಏನಿದೆ ನೋಡಿ; ಬಹುತೇಕ ‘ಕಾರ್ಯಕಾರಿ ಸಮಿತಿಯ ತೀರ್ಮಾನ’ ಎಂದಷ್ಟೇ ಇರುತ್ತದೆ. ಅದರಲ್ಲಿ ಹೇಳಿರುವಷ್ಟು ಸದಸ್ಯರ ಸಹಿ ಸಂಗ್ರಹಿಸಿ ವಿಶೇಷ ಮಹಾಸಭೆ ಕೇಳಿ, ತಿದ್ದುಪಡಿ ಮಂಡಿಸಿ. ಮುಷ್ಕರದ ನೋಟಿಸ್ ಕೊಡುವ ಮೊದಲು ಪ್ರತಿ ಘಟಕದಲ್ಲಿ, ಪಾಳಿ ತಪ್ಪಿಸದಂತೆ ಎರಡು ದಿನ ಗುಪ್ತ ಮತದಾನ ನಡೆಯಲಿ. ಮತಚೀಟಿಯ ಮೇಲೆ ಬೇಡಿಕೆಗಳ ಜೊತೆ ಸಂಬಳ ಕಡಿತದ, ಶಿಸ್ತು ಕ್ರಮದ ಸಾಧ್ಯತೆಯನ್ನೂ ಅಚ್ಚು ಹಾಕಿರಲಿ. ಒಪ್ಪಿಗೆಗೆ ಆರು ತಿಂಗಳ ಆಯುಷ್ಯವಿರಲಿ, ಅದರೊಳಗೆ ದಿನ ಗೊತ್ತುಮಾಡುವುದು ಮುಖಂಡರಿಗೆ ಬಿಡಿ. ಸರ್ಕಾರದ ಲಿಖಿತ ಕೊಡುಗೆ ಬಂದರೆ ಒಪ್ಪಲು ಮತ್ತೆ ಮತದಾನ. ನ್ಯಾಯಾಲಯದ ಆದೇಶವಾದರೆ ತಕ್ಷಣ ತಡೆಹಿಡಿಯುವ ಅಧಿಕಾರ ಸಮಿತಿಗೆ, ಮುಂದೇನು ಎಂಬುದಕ್ಕೆ ಹತ್ತು ದಿನದೊಳಗೆ ಸದಸ್ಯರ ಮತ. ನಿಮ್ಮ ನಿಗಮದಲ್ಲಿ ಸಂಘಗಳು ಹಲವು ಇರುವುದರಿಂದ, ಜಂಟಿ ಸಮಿತಿ ಸದಸ್ಯತ್ವದ ರಸೀದಿ ನೋಡದೆ ಹಾಜರಿ ಪಟ್ಟಿಯಲ್ಲಿರುವ ಎಲ್ಲರ ಮತವನ್ನೂ ಕೇಳುವುದು ಒಳಿತು. ತರಬೇತಿಯಲ್ಲಿರುವವರನ್ನೂ ಬಿಡಬೇಡಿ.

ಮತದಾರರ ಪಟ್ಟಿಯೇ ಮೊದಲ ಜಗಳವಾಗುತ್ತದೆ, ಸಿದ್ಧರಾಗಿರಿ. ಸಂಘದ ಸದಸ್ಯರ ಪಟ್ಟಿಯನ್ನು ಸದಸ್ಯರು ನೋಡಲು ಅನುಕೂಲ ಮಾಡಿಕೊಡಬೇಕು ಎಂಬುದು 1926ರಿಂದಲೂ ಸಂಘಗಳ ನೋಂದಣಿಯ ಷರತ್ತು. ಆ ಪಟ್ಟಿಯನ್ನು ಲಿಖಿತವಾಗಿ ಕೇಳಿ, ಅರ್ಜಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಕೊಡದಿದ್ದರೆ ಮುದ್ರೆಯಿರುವ ಆ ಪ್ರತಿಯೊಂದಿಗೆ ಕಾರ್ಮಿಕ ಸಂಘಗಳ ರಿಜಿಸ್ಟ್ರಾರ್ ಅವರಿಗೆ ದೂರು ಕೊಡಿ.